ಎದೆಯಲ್ಲಿ ಹೆಪ್ಪುಗಟ್ಟಿದ್ದು

ಗಜೇಂದ್ರಗಡ
೧೬ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ಅಬ್ಬಾ,

ನಿಮ್ಮ ಮಗಳು ಹುಸ್ನಾಳ ಸಲಾಮು. ಮೈಯಲ್ಲಿ ಹುಷಾರಾಗಿದ್ದೀರಾ? ಮಂಡಿನೋವು ಕಡಿಮೆಯಾಯಿತೇ? ಇಚಲಕರಂಜಿಯಲ್ಲಿ ಚಳಿ ಶುರುವಾಗಿರಬೇಕು, ಬೆಳಗಿನ ಪಾಳಿಗೆ ಹೋಗುವಾಗ ತಲೆಗೆ ಮಫ್ಲರು ಸುತ್ತಿಕೊಳ್ಳಿ. ಪವರ್‌ಲೂಮಿನ ಸದ್ದು ನಿಮ್ಮ ಕಿವಿ ತಿಂದ ಮೇಲೆ ಫೋನಿನಲ್ಲಿ ನಿಮ್ಮೊಡನೆ ಮಾತಾಡುವುದೆಂದರೆ ಓಣಿಗೆಲ್ಲ ಕೇಳುವ ಹಾಗೆ ಕೂಗುವುದು. ಅರ್ಧ ಕೇಳಿಸಿಕೊಂಡು ನೀವು "ಆತು ಬಿಡು, ಚಲೋ ಇರ್ರಿ" ಎಂದು ಇಟ್ಟುಬಿಡುತ್ತೀರಿ. ಈಗ ಹೇಳಬೇಕಾದದ್ದು ಕೂಗಿ ಹೇಳುವ ಸಂಗತಿಯಲ್ಲ, ಅದಕ್ಕೇ ಪತ್ರ. ಒಬ್ಬರೇ ಕುಳಿತು ಓದಿ.

ನಾನು ನರಗುಂದದ ಸಾಲೆಗೆ ರಜೆ ಹಾಕಿ ಗಜೇಂದ್ರಗಡದ ಮನೆಯಲ್ಲೇ ಇದ್ದೇನೆ. ಮುಜಫ್ಫರ ವಾರಕ್ಕೊಮ್ಮೆ ಬಂದುಹೋಗುತ್ತಾರೆ; ನಿಮ್ಮ ಅಳಿಯನ ಅಡುಗೆ ಈ ನೆಪದಲ್ಲಿ ಸುಧಾರಿಸಿದೆ. ನಾನು ಇಲ್ಲಿರುವುದು ಅಮ್ಮನ ಸಲುವಾಗಿ. ಗಾಬರಿಯಾಗಬೇಡಿ, ಇದನ್ನು ಬರೆಯುವಾಗ ಅವಳು ಹೊರಗೆ ಕಟ್ಟೆಯ ಮೇಲೆ ಕುಳಿತು ಬಿಸಿಲು ಕಾಯಿಸುತ್ತಿದ್ದಾಳೆ. ಆದರೆ ಆಗಸ್ಟ್ ತಿಂಗಳಿನಿಂದ ನಡೆದದ್ದನ್ನು ನಿಮಗೆ ಯಾರೂ ಹೇಳಿಲ್ಲ. ಮೊದಲಿನಿಂದ ಬರೆಯುತ್ತೇನೆ.

ಆಗಸ್ಟಿನಲ್ಲಿ ಒಂದು ದಿನ ಬೆಳಿಗ್ಗೆ ಅಮ್ಮ ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುತ್ತಿದ್ದಳು. ಇದ್ದಕ್ಕಿದ್ದಂತೆ ಎಡಗಾಲು ಮೊಣಕಾಲಿನಿಂದ ಕೆಳಗೆ ಉರಿದು, ಆಮೇಲೆ ತಣ್ಣಗಾಗಿ, ಹಲಗೆ ತುಳಿದದ್ದೇ ಗೊತ್ತಾಗದಂತಾಯಿತಂತೆ. ಜೋಮು ಹಿಡಿದಿದೆ ಅಂದುಕೊಂಡಳು. ಪಕ್ಕದ ಮನೆಯ ಇಂದಿರಾಬಾಯಿ ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಂದು ತಿಕ್ಕಲು ಕುಳಿತರು. ತಿಕ್ಕಿದಷ್ಟೂ ಕಾಲು ಬೆಳ್ಳಗಾಗುತ್ತ ಹೋಯಿತು. ಅವರು ನನಗೆ ಫೋನು ಹಚ್ಚಿ, "ಹುಸ್ನಾ, ನಿಮ್ಮವ್ವನ ಕಾಲು ಕೊಡದಾಗಿನ ನೀರಿನಂಗ ತಣ್ಣಗ ಆಗೇತಿ. ನನಗ ಯಾಕೋ ಇದು ಚಲೋ ಕಾಣವಲ್ದು" ಎಂದರು. ನಾನು ರೋಣಕ್ಕೆ ಕರೆತರಲು ಹೇಳಿ ನರಗುಂದದಿಂದ ಹೊರಟೆ. ಓಣಿಯ ಮುತ್ತಣ್ಣ ತನ್ನ ಗಾಡಿಯಲ್ಲಿ ಅಮ್ಮನನ್ನು ಮಲಗಿಸಿಕೊಂಡು ಬಂದ. ರೋಣದ ಶಶಿಕಾಂತ ಡಾಕ್ಟರು ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಿದರು, ಮೊಣಕಾಲಿನ ಹಿಂದೆ ಹುಡುಕಿದರು, ತೊಡೆಯ ಸಂದಿಯಲ್ಲಿ ಮಾತ್ರ ಸಿಕ್ಕಿತು. ಆಮೇಲೆ ಅವರು ಕಾಲು ಬಿಟ್ಟು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. "ಕಾಲಿನ ಬ್ಯಾನಿ ಅಲ್ಲವ್ವಾ ಇದು. ಎದಿಯಿಂದ ಬಂದದ್ದು. ಇಲ್ಲಿ ಕುಂದರಬ್ಯಾಡ್ರಿ, ಸೀದಾ ಹುಬ್ಬಳ್ಳಿಗೆ ನಡೀರಿ" ಎಂದು ಒಂದು ಇಂಜೆಕ್ಷನ್ ಕೊಟ್ಟು ಆಂಬುಲೆನ್ಸ್ ಹತ್ತಿಸಿದರು.

ಹುಬ್ಬಳ್ಳಿಯ ದೊಡ್ಡ ದವಾಖಾನೆಯಲ್ಲಿ ತೊಡೆಯ ಸಂದಿಯನ್ನು ಕೊಯ್ದು, ರಕ್ತನಾಳದೊಳಗೆ ತೆಳ್ಳನೆಯ ತಂತಿ ಬಿಟ್ಟು, ಹೆಪ್ಪುಗಟ್ಟಿದ ರಕ್ತವನ್ನು ಎಳೆದು ತೆಗೆದರು. ನನಗೆ ತೋರಿಸಿದರು. ಒಣಗಿದ ದ್ರಾಕ್ಷಿಯಷ್ಟೇ ಇತ್ತು. ಕಾಲು ಉಳಿಯಿತು. ಬೆರಳುಗಳು ಮಾತ್ರ ಕಪ್ಪಾಗಿದ್ದವು, ಹೆಬ್ಬೆರಳನ್ನೂ ಅದರ ಪಕ್ಕದ್ದನ್ನೂ ಆಮೇಲೆ ತೆಗೆಯಬೇಕಾಯಿತು. ಇಷ್ಟರಲ್ಲಿ ಮುಗಿಯಿತು ಎಂದು ನಾನು ತಿಳಿದಿದ್ದೆ. ಆದರೆ ಮರುದಿನ ಹೃದಯದ ಡಾಕ್ಟರು ಅರ್ಚನಾ ಅವರು ಎದೆಯ ಸ್ಕ್ಯಾನ್ ಮಾಡಿ ನನ್ನನ್ನು ಹೊರಗೆ ಕರೆದರು. ಹೃದಯದ ಎಡಭಾಗದಲ್ಲಿ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ರಕ್ತ ಇಳಿಯುವ ಕಡೆ ಒಂದು ಕವಾಟವಿದೆಯಂತೆ. ಅಮ್ಮನದು ದಪ್ಪಗಾಗಿ, ಅಂಚುಗಳು ಒಂದಕ್ಕೊಂದು ಅಂಟಿಕೊಂಡು, ಒಂದು ಸಣ್ಣ ಸೀಳಷ್ಟೇ ಉಳಿದಿದೆ. ಇಳಿಯಲಾಗದ ರಕ್ತ ಮೇಲೆಯೇ ನಿಲ್ಲುತ್ತದೆ. ಆ ಕೋಣೆ ಹಿಗ್ಗಿ ಬಡಿತವೂ ತಾಳ ತಪ್ಪಿದೆ. ನಿಂತ ರಕ್ತ ಹೆಪ್ಪುಗಟ್ಟಿದೆ. ಕಾಲಿಗೆ ಹೋದದ್ದು ಅದರದೊಂದು ಚೂರು. ಉಳಿದದ್ದು ಇನ್ನೂ ಒಳಗೇ ಇದೆ.

ಸಣ್ಣವಳಿದ್ದಾಗ ಜ್ವರ ಬಂದು ಕೀಲು ಬಾತಿದ್ದವೇ ಎಂದು ಡಾಕ್ಟರು ಅಮ್ಮನನ್ನು ಕೇಳಿದರು. ತವರು ಹೊಳೆಮಣ್ಣೂರಿನಲ್ಲಿ ಹೊಳೆ ಮನೆಯೊಳಗೆ ಬಂದ ವರ್ಷ ತನಗೆ ಗಂಟಲು ಬೇನೆ ಹತ್ತಿ, ಆಮೇಲೆ ಮೊಣಕಾಲು, ಮೊಣಕೈ ಒಂದಾದ ಮೇಲೊಂದು ಬಾತು, ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದಾಗಿ ಅಮ್ಮ ಹೇಳಿದಳು. ನನಗೆ ಇದು ಗೊತ್ತಿರಲಿಲ್ಲ, ನಿಮಗೆ ಗೊತ್ತಿತ್ತೋ ಇಲ್ಲವೋ. ಆ ಜ್ವರವೇ ಕವಾಟಕ್ಕೆ ಪೆಟ್ಟು ಕೊಟ್ಟು ಹೋಗಿದೆ ಎಂದರು. ಅಲ್ಲಿಂದ ಇಲ್ಲಿಯವರೆಗೆ ಅದು ಸದ್ದಿಲ್ಲದೆ ಬಿಗಿಯುತ್ತ ಬಂದಿದೆ. ನೀರಿನ ಕೊಡ ಹೊತ್ತು ಓಣಿಯ ಏರು ಹತ್ತುವಾಗ ಅವಳು ನಡುವೆ ನಿಂತುಬಿಡುತ್ತಿದ್ದಳಲ್ಲ, ಅದನ್ನು ಅವಳು ನೂಲಿನ ಧೂಳಿನ ದಮ್ಮು ಎಂದುಕೊಂಡಿದ್ದಳು.

ಕವಾಟ ಬಿಗಿದವರಿಗೆ ತೊಡೆಯಿಂದಲೇ ಬಲೂನು ಕಳಿಸಿ ಹಿಗ್ಗಿಸುವ ಉಪಾಯವಿದೆಯಂತೆ. ಒಳಗೆ ಹೆಪ್ಪು ಇದ್ದರೆ ಅದು ಆಗದು, ತಂತಿ ತಾಕಿದರೆ ಹೆಪ್ಪು ಕಳಚಿ ಹೊರಡುತ್ತದೆ. ಅಮ್ಮನ ಕವಾಟವಂತೂ ಸುಣ್ಣಗಟ್ಟಿತ್ತು. ಎದೆ ತೆರೆದು ಹೆಪ್ಪು ತೆಗೆದು, ಬೇರೆ ಕವಾಟ ಕೂರಿಸುವುದೊಂದೇ ದಾರಿ. ಅಮ್ಮ ಒಪ್ಪಲಿಲ್ಲ. "ಕಾಲಿಂದು ಆತಲ್ಲ, ಸಾಕು. ಎದಿ ಒಡಿಸಿಕೊಂಡು ನಾ ಏನ್ ಮಾಡಲಿ? ಮನಿಗೆ ಕರಕೊಂಡು ನಡಿ" ಎಂದು ಗೋಡೆಗೆ ಮುಖ ಮಾಡಿದಳು. ಅಣ್ಣ ಸಲಾವುದ್ದೀನ ಇಚಲಕರಂಜಿಯಿಂದ ಬಂದು ಹೇಳಿದ, ನಾನು ಹೇಳಿದೆ. ನಾನು ವಿಜ್ಞಾನ ಕಲಿಸುವವಳು, ಚಿತ್ರ ಬರೆದೂ ಹೇಳಿದೆ. ಪ್ರಯೋಜನವಾಗಲಿಲ್ಲ. ಕೊನೆಗೆ ಅರ್ಚನಾ ಡಾಕ್ಟರು ಯಂತ್ರದ ಪರದೆಯನ್ನು ಅವಳ ಕಡೆಗೇ ತಿರುಗಿಸಿ ತೋರಿಸಿದರು. ಬೂದು ಬಣ್ಣದ ಆ ಗಡ್ಡೆ ಬಡಿತಕ್ಕೊಮ್ಮೆ ತೊನೆಯುತ್ತಿತ್ತು. ಅಮ್ಮ ನೇಯ್ಗೆಯ ದೋಷ ನೋಡುವವಳ ಹಾಗೆ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದಳು.

"ಇದು ಅಲ್ಲಿಂದ ಹೊರಬಿದ್ರ ಎಲ್ಲಿಗೆ ಹೋಗ್ತೈತ್ರಿ?"

"ಎಲ್ಲಿಗೆ ಬೇಕಾದ್ರೂ ಹೋಗಬಹುದ್ರೀ ಅಮ್ಮಾರ. ತಲಿಗೆ ಹೋದ್ರ ಮಾತು ಹೋಗ್ತದ. ಕೈ ಬಿದ್ದುಹೋಗಬಹುದು."

"ಮಾತು ಹೋದ್ರ ಹೋಗವಲ್ದ್ಯಾಕ, ನನ್ನ ಮಾತು ಕೇಳವರು ಯಾರದಾರ? ಕೈ ಹೋಗೂದು ಬ್ಯಾಡ್ರಿ. ಮಾಡ್ರಿ ಆಪರೇಷನ್."

ಡಾಕ್ಟರು ನಕ್ಕರು. ಅಣ್ಣ ನಗಲಿಲ್ಲ.

ಸೆಪ್ಟೆಂಬರಿನಲ್ಲಿ ಆಪರೇಷನ್ ಆಯಿತು. ನಾವು ಹೊರಗೆ ಬೆಂಚಿನ ಮೇಲೆ ಕುಳಿತಿದ್ದೆವು. ಬೆಳಿಗ್ಗೆ ಒಳಗೆ ಒಯ್ದವರು ಸಂಜೆ ಬಂದು ಹೇಳಿದರು: ಹೆಪ್ಪು ಪೂರಾ ಬಂದಿದೆ, ಲೋಹದ ಕವಾಟ ಕೂತಿದೆ, ಹೃದಯ ತಾನೇ ಬಡಿಯುತ್ತಿದೆ. ಮೂರನೆಯ ದಿನ ಮತ್ತೆ ಉಸಿರಿಗೆ ತೊಂದರೆಯಾಗಿ ನಳಿಗೆ ಹಾಕಿದರು. ಆಗ ಇನ್ನು ಕೈಗೆ ಸಿಗುವುದಿಲ್ಲವೇನೋ ಅನ್ನಿಸಿತ್ತು. ಹಾಗಾಗಲಿಲ್ಲ. ಈಗ ರಕ್ತ ತೆಳುವಾಗಿಡುವ ಗುಳಿಗೆ ಬದುಕಿರುವತನಕ ನುಂಗಬೇಕು, ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ಅದಕ್ಕೆ ರೋಣದವರೆಗೆ ಹೋದರೆ ಸಾಕು. ಹಲ್ಲು ನೋವಿಗೆ, ಮೈನೋವಿಗೆ ಅಂಗಡಿ ಗುಳಿಗೆ ತಿನ್ನುವ ಹಾಗಿಲ್ಲ. ಸೊಪ್ಪು ಒಂದು ದಿನ ರಾಶಿ ತಿಂದು ಮರುದಿನ ಬಿಡುವ ಹಾಗಿಲ್ಲ, ದಿನಾ ಒಂದೇ ಅಳತೆ. ರೊಟ್ಟಿಯ ಜೊತೆ ಹಸಿ ಮೆಂತೆ, ಹಕ್ಕರಕಿ ಮೇಯುವವಳಿಗೆ ಎದೆ ಕೊಯ್ದದ್ದಕ್ಕಿಂತ ಇದರ ಮೇಲೇ ಸಿಟ್ಟು ಜಾಸ್ತಿ. ಸುತ್ತಲೂ ಸದ್ದಿಲ್ಲದಾಗ ಅವಳ ಎದೆಯಿಂದ ಗಡಿಯಾರದಂತಹ ಟಿಕ್ ಟಿಕ್ ಕೇಳುತ್ತದೆ. ಮೊದಮೊದಲು ಎಣಿಸುತ್ತಿದ್ದೆ, ಈಗ ರೂಢಿಯಾಗಿದೆ.

ನಿಮಗೆ ಯಾಕೆ ಹೇಳಲಿಲ್ಲ ಎಂಬುದನ್ನೂ ಬರೆಯಬೇಕು. ಕಾಲಿನ ಆಪರೇಷನ್ ಆದ ದಿನವೇ ನಾನು ಹೇಳಿಕಳಿಸಲು ಹೊರಟಿದ್ದೆ. ಅಮ್ಮ ನನ್ನ ಕೈ ಹಿಡಿದುಕೊಂಡಳು. "ಹೇಳಬ್ಯಾಡ. ಹೇಳಿದ ಮ್ಯಾಲೂ ಬರಲಿಲ್ಲಂದ್ರ ಅದನ್ನ ತಡಕೊಳ್ಳಾಕ ನನ್ನ ಕೈಲೆ ಆಗಂಗಿಲ್ಲ. ಗೊತ್ತಿಲ್ಲದಕ್ಕ ಬಂದಿಲ್ಲಂತ ಇರಲಿ" ಎಂದಳು. ಅಣ್ಣನಿಂದಲೂ ಆಣೆ ಹಾಕಿಸಿಕೊಂಡಳು. ಅವನು ಎರಡು ಸಲ ಹುಬ್ಬಳ್ಳಿಗೆ ಬಂದಾಗ ನಿಮಗೆ ನೂಲಿನ ಕೆಲಸ ಎಂದಿದ್ದನಂತೆ. ಅವನ ಮೇಲೆ ಸಿಟ್ಟಾಗಬೇಡಿ. ಅಂದು ಊರು ಬಿಡುವಾಗ ನೀವು ಪವರ್‌ಲೂಮಿಗೆ ಹೋಗೋಣ ಎಂದಿರಿ, ಅವಳು ತನ್ನ ಮಗ್ಗ ಬಿಡುವುದಿಲ್ಲ ಎಂದಳು. "ಬಂದ್ರ ಬಾ, ಇಲ್ಲಂದ್ರ ಇಲ್ಲೇ ಇರು" ಎಂದು ನೀವು ಚೀಲ ಎತ್ತಿಕೊಂಡಿರಿ. ಜಗಳವೂ ಅಲ್ಲ ಅದು. ಜಗಳವಾಗಿದ್ದರೆ ಯಾರಾದರೂ ಬಿಡಿಸುತ್ತಿದ್ದರು. ನಿಮಗೆ ಫೋನು ಕೇಳುವುದಿಲ್ಲ, ಅವಳಿಗೆ ಅಕ್ಷರ ಬರುವುದಿಲ್ಲ, ಹಬ್ಬಗಳು ಬಂದವು, ಹೋದವು. ನಾನು ನಿಮ್ಮಿಬ್ಬರ ನಡುವೆ ನ್ಯಾಯ ಹೇಳುವವಳಲ್ಲ. ಬನ್ನಿ ಎಂದೂ ಬರೆಯುತ್ತಿಲ್ಲ. ನಡೆದದ್ದು ನಿಮಗೆ ಗೊತ್ತಿರಬೇಕು ಎಂದಷ್ಟೇ ಬರೆದೆ. ಗೊತ್ತಿಲ್ಲ ಎಂಬ ನೆಪ ಇನ್ನು ನಿಮಗಿಲ್ಲ, ಅವಳಿಗೂ ಇಲ್ಲ.

ಬೆರಳಿಲ್ಲದ ಕಾಲಿನಲ್ಲಿ ಅವಳು ಮಗ್ಗ ತುಳಿಯಲಾರಳು. ಕೈ ಗಟ್ಟಿಯಿದೆ, ಕುಳಿತು ನೂಲಿನ ಕಂಡಿಕೆ ಸುತ್ತುತ್ತಾಳೆ. ಜನವರಿಯಲ್ಲಿ ನಾನು ಸಾಲೆಗೆ ಮರಳಬೇಕು. ನರಗುಂದಕ್ಕೆ ಬಾ ಎಂದರೆ "ಮಗಳ ಮನ್ಯಾಗ ಎಷ್ಟು ದಿನ" ಎನ್ನುತ್ತಾಳೆ.

ಅಣ್ಣನಿಗೂ ಅತ್ತಿಗೆಗೂ ಸಲಾಮು ಹೇಳಿ, ಮಕ್ಕಳಿಗೆ ನನ್ನ ಮುದ್ದು. ನಿಮ್ಮ ದುವಾದಲ್ಲಿ ನಮ್ಮನ್ನೂ ನೆನೆಯಿರಿ. ಅಲ್ಲಾಹ್ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ ಮಗಳು
ಹುಸ್ನಾ

ತಾ.ಕ.: ಪತ್ರ ಮಡಚುವಾಗ ಅಮ್ಮ ಗೋಡೆ ಹಿಡಿದು ಒಳಗೆ ಬಂದು ಯಾರಿಗೆಂದು ಕೇಳಿದಳು. ಹೇಳಿದೆ. ಎಲ್ಲಾ ಬರೆದೆಯಾ ಎಂದಳು, ಹೌದೆಂದೆ. ಬೈದಳು. ಆಮೇಲೆ ಕಂಡಿಕೆ ಕೈಗೆತ್ತಿಕೊಂಡಳು. ನಾನು ಲಕೋಟೆಗೆ ಅಂಟು ಹಚ್ಚುವಾಗ, "ಇನ್ನೊಂದು ಮಾತು ಹಾಕು. ಓಣಿಗೆ ಓಣಿನ ಬಂದು ನನ್ನ ನೋಡಿ ಹೋತು, ಬರಬೇಕಾದವರು ಒಬ್ಬರ ಉಳದಾರ ಅಂತ ಬರಿ" ಎಂದಳು. ಬರೆದೆ. ಬರೆದದ್ದನ್ನು ಓದಿಸಿ ಕೇಳಿ, "ಬ್ಯಾಡ, ಅಳಸು ಅದನ್ನ" ಎಂದಳು. ಪೆನ್ನಿನಲ್ಲಿ ಬರೆದದ್ದು ಅಳಿಸಲು ಬರುವುದಿಲ್ಲ ಎಂದೆ.