ಚಂದ್ರಿಯ ಗೆಜ್ಜೆ

ಶಿವಮೊಗ್ಗ
೧೨-೮-೧೯೯೮

ಮಾವನವರ ಪಾದಕ್ಕೆ ಹಾಲಮ್ಮನ ನಮಸ್ಕಾರ.

ನಿಮ್ಮೆದುರು ನಿಂತು ಮಾತಾಡಿ ನನಗೆ ರೂಢಿಯಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಮಗನ ಶ್ವಾಸಕೋಶದಲ್ಲಿ ಕೀವು ಕಟ್ಟಿರುವುದು ಟಿ.ಬಿ.ಯಿಂದ ಅಲ್ಲವಂತೆ. ನಿನ್ನೆ ಡಾಕ್ಟರು, "ಮನೇಲಿ ಕುದುರೆ ಇದೆಯೇನಪ್ಪ?" ಎಂದು ಕೇಳಿದರು. "ಇದೆ ಸಾರ್, ಚಂದ್ರಿ ಅಂತ. ನಮ್ಮಪ್ಪನ ಹಿರೀಮಗಳು," ಎಂದು ಇವರು ನಕ್ಕರು. ಡಾಕ್ಟರು ನಗಲಿಲ್ಲ.

ಆಮೇಲೆ ನನ್ನನ್ನು ಹೊರಗೆ ಕರೆದು ಹೇಳಿದರು. ಅದು ಕುದುರೆ ಲದ್ದಿಯ ಧೂಳಿನಲ್ಲಿರುವ ರೋಗಾಣುವಂತೆ. ನಮ್ಮಂಥವರಿಗೆ ಸಾಮಾನ್ಯವಾಗಿ ಏನೂ ಮಾಡುವುದಿಲ್ಲ. ಆದರೆ ಅತ್ತೆ ಕೊಟ್ಟ ಕಿಡ್ನಿ ಉಳಿಯಲೆಂದು ಇವರು ನುಂಗುವ ಮಾತ್ರೆ ರೋಗ ತಡೆಯುವ ಮೈಯ ಶಕ್ತಿಯನ್ನೇ ತಗ್ಗಿಸಿದೆ. ನೋಡಲು ಬಂದವರ ಕೆಮ್ಮು ತಾಗಬಾರದೆಂದು ನಾವೇ ಇವರ ಹಾಸಿಗೆಯನ್ನು ಲಾಯದ ಪಕ್ಕದ ಕೋಣೆಗೆ ಹಾಕಿದ್ದೆವಲ್ಲ. ಒಳ್ಳೆಯದಕ್ಕೇ ಮಾಡಿದ್ದು ಮಾವ. ಇನ್ನೊಮ್ಮೆ ಆ ಧೂಳು ಒಳಗೆ ಹೋದರೆ ಉಳಿಸುವುದು ಕಷ್ಟ ಎಂದರು ಡಾಕ್ಟರು.

ಮುಂದಿನ ವಾರ ಮನೆಗೆ ಕಳಿಸುತ್ತಾರಂತೆ. ಭದ್ರಾವತಿ ಸ್ಟೇಷನ್ನಿಗೆ ಜಟಕಾ ತರಬೇಡಿ. ಅಷ್ಟರಲ್ಲಿ ಚಂದ್ರಿಯನ್ನು ಯಾರಿಗಾದರೂ ಕೊಟ್ಟು ಲಾಯ ತೊಳೆಸಿ. ನಿಮ್ಮ ಅನ್ನವನ್ನೇ ಕೇಳುತ್ತಿದ್ದೇನೆಂದು ಗೊತ್ತು. ಆಗದಿದ್ದರೆ ಒಂದು ಸಾಲು ಬರೆಯಿರಿ. ಇಲ್ಲೇ ದುರ್ಗಿಗುಡಿಯ ಚಿಕ್ಕಮ್ಮನ ಮನೆಯಲ್ಲಿ ಇವರನ್ನು ಇಟ್ಟುಕೊಳ್ಳುತ್ತೇನೆ.

ಇವರಿಗೆ ಇನ್ನೂ ಹೇಳಿಲ್ಲ. ಬೀದಿಯಲ್ಲಿ ಜಟಕಾ ಸದ್ದಾದಾಗಲೆಲ್ಲ, "ಅಪ್ಪ ಬಂದ್ರಾ ನೋಡೇ," ಅನ್ನುತ್ತಾರೆ.

ಗೆಜ್ಜೆ ಮಾತ್ರ ಬಿಚ್ಚಿಟ್ಟುಕೊಳ್ಳಿ. ಕುದಿಯುವ ನೀರಲ್ಲಿ ತೊಳೆದಿಡಿ. ಚಂದ್ರಿ ಎಲ್ಲಿ ಎಂದು ಕೇಳಿದಾಗ ಇವರ ಕೈಗೆ ಕೊಡಲು ಅಷ್ಟಾದರೂ ಇರಲಿ.

ನಿಮ್ಮ ಸೊಸೆ,
ಹಾಲಮ್ಮ