ನಂದಿನಿಯ ಬಾಗುಗೋಡೆ

ನನ್ನ ನಂದಿನಿ,

ಅವರ್ಸಾದ ರಂಗಮಂದಿರದ ಕೆಲಸ ಮುಗಿಯಿತು. ಯಾರಿಗೆ ಹೇಳಿದರೂ ಹೇಳಿದಂತೆ ಅನ್ನಿಸುತ್ತಿಲ್ಲ, ಅದಕ್ಕೇ ನಿನಗೆ ಬರೆಯುತ್ತಿದ್ದೇನೆ. ಕಾಜುಬಾಗದ ನಮ್ಮ ಆಫೀಸು ನೀನು ಬಿಟ್ಟುಹೋದ ಹಾಗೇ ಇದೆ. ನಿನ್ನ ಕುರ್ಚಿಯಲ್ಲಿ ಇನ್ನೂ ಯಾರನ್ನೂ ಕೂರಿಸಿಲ್ಲ. ಬಂದವರು ಯಾರಾದರೂ ಅದನ್ನು ಎಳೆದುಕೊಂಡರೆ ನಾನೇ ಎದ್ದು ನನ್ನ ಕುರ್ಚಿ ಕೊಡುತ್ತೇನೆ.

ನೀನು ಹೋದ ಮೇಲೆ ಮಳೆಗಾಲ ಪೂರ್ತಿ ನಿನ್ನ ಕಂಪ್ಯೂಟರ್ ತೆರೆಯಲು ನನ್ನಿಂದ ಆಗಲಿಲ್ಲ. ಅವರ್ಸಾದಲ್ಲಿ ಗೋಡೆ ಎದ್ದು ಮೇಲೆ ಮಾಡೂ ಹೊದಿಸಿ ಆಗಿತ್ತು. ಒಳಗಿನ ಕೆಲಸಕ್ಕೆ ನನ್ನ ಧ್ವನಿಯ ಲೆಕ್ಕ ಬೇಕಿತ್ತು. ಮಂದಿರದ ಟ್ರಸ್ಟಿನ ದತ್ತಾ ಮಾಸ್ತರರು ಒಂದು ದಿನ ಮೆಟ್ಟಿಲು ಹತ್ತಿ ಬಂದರು. ಬಹಳ ಹೊತ್ತು ಬೇರೆ ಏನೇನೋ ಮಾತಾಡಿ ಕಡೆಗೆ, "ನೀಲಾ, ನಂದಿನಿ ಮಾಡಿಟ್ಟದ್ದು ತೆಗೂಕೆ ನಿಂಗೆ ಮನಸ್ಸಾಗ್ದಿದ್ರೆ ಹೇಳು. ಹುಬ್ಬಳ್ಳಿಯವ್ರ ಹತ್ರ ಹೊಸಾದು ಮಾಡ್ಸುವಾ" ಅಂದರು. ಬೇರೆಯವರ ಕೈಯಲ್ಲಿ ಹೊಸದು ಅಂದ ಕೂಡಲೇ ಎದ್ದು ನಿನ್ನ ಕಂಪ್ಯೂಟರಿನ ಸ್ವಿಚ್ಚು ಹಾಕಿದೆ. "ಬೇಡ ಮಾಸ್ತರೆ, ನಾನೇ ಮಾಡ್ತೆ" ಅಂದೆ.

ಅದರಲ್ಲಿ ನೀನು ಮಾಡಿಟ್ಟ ಕಟ್ಟಡದ ಮಾದರಿ ತೆರೆದೆ. ಎಷ್ಟು ಪ್ರೀತಿಯಿಂದ ಮಾಡಿದ್ದೆ ಅದನ್ನು! ಯಾವ ಗೋಡೆಯನ್ನು ಒತ್ತಿದರೂ ತಾನು ಚಿರೇಕಲ್ಲಿನದೋ ಇಟ್ಟಿಗೆಯದೋ, ಎಷ್ಟು ದಪ್ಪ, ಮೇಲೆ ಎಂಥ ಗಾರೆ, ಎಲ್ಲವನ್ನೂ ಹೇಳುತ್ತಿತ್ತು. ಕುರ್ಚಿಯ ಕೈ, ವೇಷ ಕಟ್ಟುವ ಬಣ್ಣದ ಕೋಣೆಯ ನಲ್ಲಿ, ಫ್ಯಾನಿನ ಸ್ವಿಚ್ಚಿನ ಗುಬುಟು, ಒಂದನ್ನೂ ಬಿಟ್ಟಿರಲಿಲ್ಲ. ನನ್ನ ಧ್ವನಿಯ ಸಾಫ್ಟ್‌ವೇರಿಗೆ ಇದು ಯಾವುದೂ ಬೇಡ. ಅದಕ್ಕೆ ಬೇಕಾದದ್ದು ದೊಡ್ಡ ದೊಡ್ಡ ಮೈಗಳು, ಒಂದೊಂದು ಮೈ ಎಷ್ಟು ಸದ್ದು ನುಂಗುತ್ತದೆ, ಎಷ್ಟನ್ನು ವಾಪಸು ಕಳಿಸುತ್ತದೆ ಎಂಬುದು ಮಾತ್ರ. ಹಿಂದೆ ಪ್ರತಿ ಕೆಲಸಕ್ಕೂ ಇದೇ ಜಗಳ ನಮ್ಮದು. "ನಾನು ಹಣ್ಣು ಕೊಡೂದು, ನೀನು ಸಿಪ್ಪೆ ಮಾತ್ರ ಇಟ್ಕೊಳ್ಳೂದು. ಎಂತಾ ಹುಡ್ಗಿಯೇ ಮಾರಾಯ್ತಿ" ಎಂದು ನೀನು ನಗುತ್ತಿದ್ದೆ.

ಈ ಸಲ ನಗುವವರಿರಲಿಲ್ಲ. ನಲ್ಲಿ ತೆಗೆದೆ. ಗುಬುಟು ತೆಗೆದೆ. ಮೆಟ್ಟಿಲಿನ ಕಟಾಂಜನಕ್ಕೆ ನೀನು ಬಿಡಿಸಿದ್ದ ಬಳ್ಳಿಯನ್ನು ತೆಗೆದೆ. ಕುರ್ಚಿಗಳನ್ನೆಲ್ಲ ಅಳಿಸಿ ಆ ಜಾಗದಲ್ಲಿ ಒಂದು ಚಪ್ಪಟೆ ಪೆಟ್ಟಿಗೆ ಇಟ್ಟೆ. ಮೂಲ ಪ್ರತಿ ಬೇರೆ ಕಡೆ ಭದ್ರವಾಗಿದೆ ಎಂದು ಗೊತ್ತಿದ್ದರೂ ಪ್ರತಿ ಸಲ ಅಳಿಸುವ ಮೊದಲು ಕತ್ತು ತಾನಾಗಿ ನಿನ್ನ ಕುರ್ಚಿಯತ್ತ ತಿರುಗುತ್ತಿತ್ತು.

ಆಮೇಲೆ ಉಳಿದದ್ದನ್ನು ನನ್ನ ಸಾಫ್ಟ್‌ವೇರಿಗೆ ತಂದೆ. ಅದು ಒಪ್ಪಲಿಲ್ಲ. ವೇದಿಕೆಯಿಂದ ಬಿಟ್ಟ ಧ್ವನಿಯ ಕಿರಣಗಳು ಕೋಣೆಯೊಳಗೆ ಪುಟಿಯಬೇಕು; ಎಲ್ಲೋ ಸಂದಿ ಸಿಕ್ಕಿ ಹೊರಗೆ ಹಾರಿಹೋಗುತ್ತಿದ್ದವು. ಸಂದಿ ಹುಡುಕುತ್ತ ಹೋದೆ. ವೇದಿಕೆಯ ಕಡೆ ನಿನ್ನ ಒಂದೊಂದು ಮೂಲೆಯೂ ಕೂದಲೂ ತೂರದಂತೆ ಕೂಡಿತ್ತು. ಮಧ್ಯಕ್ಕೆ ಬಂದಂತೆ ಅಲ್ಲಲ್ಲಿ ಬೆರಳಗಲ ಬಿಟ್ಟಿತ್ತು. ನೀನು ಎಲ್ಲಕ್ಕಿಂತ ಕೊನೆಗೆ ಮಾಡಿದ ಬಾಲ್ಕನಿಯಲ್ಲಂತೂ ಗೋಡೆ ಕಂಬವನ್ನು ಮುಟ್ಟಿರಲೇ ಇಲ್ಲ, ನೆಲ ಗೋಡೆಯನ್ನು ದಾಟಿ ಆಚೆ ಹೋಗಿತ್ತು, ಒಂದು ಬಾಗಿಲು ಗಾಳಿಯಲ್ಲಿ ನಿಂತಿತ್ತು. ಸೈಟಿನಲ್ಲಿ ಮೇಸ್ತ್ರಿಗಳು ಬಾಯಿಮಾತಿನಲ್ಲೇ ಅದನ್ನು ಸರಿಪಡಿಸಿಕೊಂಡು ಕಟ್ಟಿದ್ದರು. ನಂದಿನಿ, ಆ ದಿನಗಳಲ್ಲಿ ನಿನಗೆ ಎಲ್ಲವೂ ಎರಡೆರಡಾಗಿ ಕಾಣುತ್ತಿತ್ತು ಎಂದು ಡಾಕ್ಟರು ನಮಗೆ ಹೇಳಿದ್ದು ತಲೆಯ ಆಪರೇಷನ್ನಿನ ನಂತರ. ನೀನು ಮಾತ್ರ ಕೇಳಿದಾಗಲೆಲ್ಲ, "ಬರೋಬರ್ ಆಗ್ತಾ ಇದೆ, ಮುಗೀತಾ ಬಂತು" ಅನ್ನುತ್ತಿದ್ದೆ. ಎರಡಾಗಿ ಕಾಣುವ ಗೋಡೆಯಲ್ಲಿ ಯಾವುದು ನಿಜವಾದದ್ದೆಂದು ಹುಡುಕಿ ಹುಡುಕಿ ಕೈಯಿಟ್ಟಿದ್ದೀಯ. ಆ ಬಾಗಿಲನ್ನು ಅದರ ಗೋಡೆಗೆ ಸೇರಿಸುವಾಗ ನನಗೆ ಕಂಪ್ಯೂಟರಿನ ಪರದೆ ಕಾಣಿಸಲಿಲ್ಲ. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ.

ಸಂದಿ ಮುಚ್ಚಿದ ಮೇಲೆ ಸಾಫ್ಟ್‌ವೇರು ಲೆಕ್ಕ ಕೊಟ್ಟಿತು. ಕೆಟ್ಟ ಸುದ್ದಿ ಬಂದದ್ದು ಹಿಂದಿನ ಗೋಡೆಯಿಂದ.

ಹಿಂದಿನ ಗೋಡೆ ಅಂದರೆ ನಿನ್ನ ಬಾಗುಗೋಡೆ. ನಿಮ್ಮೂರು ಕಿನ್ನರದಲ್ಲಿ ತೋಡಿನ ನೀರಿನ ಜೊತೆ ತಿರುಗುವ ನಿಮ್ಮ ಗದ್ದೆಯಂಚಿನ ಆ ಬಾಗನ್ನೇ ತಂದು, ಒಂದೇ ಬೀಸಿನಲ್ಲಿ, ನುಣ್ಣನೆ ಗಾರೆಯಲ್ಲಿ ಬೇಕು ಎಂದು ನೀನು ಅಂದಿದ್ದೆ. ನಿನ್ನನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದೊಯ್ದ ದಿನ ಅವರ್ಸಾ ಬಂದಾಗ ಕಾರು ನಿಲ್ಲಿಸು ಎಂದು ನೀನು ಹಟ ಮಾಡಿದೆ. ನಿನ್ನ ಹೆತ್ತ ಆಯಿ ಒಂದು ಕಡೆ, ನಾನು ಒಂದು ಕಡೆ ಹಿಡಿದುಕೊಂಡು ಒಳಗೆ ಹೋದೆವು. ಇನ್ನೂ ಹಸಿಯಿದ್ದ ಗೋಡೆಗೆ ನೀನು ಅಂಗೈಯಿಟ್ಟು ನಿಂತೆ. "ಬೇರೆ ಎಂತಾ ಬೇಕಾದ್ರೂ ಬದ್ಲಿಸು ನೀಲಾ, ಇದೊಂದಕ್ಕೆ ಕೈ ಹಚ್ಬೇಡಾ" ಅಂದೆ. ನಾನು ಹೂಂ ಅಂದೆ. ಬಾಳೆಗುಳಿಯಲ್ಲಿ ಹುಬ್ಬಳ್ಳಿ ರಸ್ತೆಗೆ ತಿರುಗುವಷ್ಟರಲ್ಲಿ ನೀನು ನನ್ನ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದೆ.

ಆ ಬಾಗು ವೇದಿಕೆಯ ಮಾತನ್ನೆಲ್ಲ ಬೊಗಸೆಯಲ್ಲಿ ಹಿಡಿದಂತೆ ಹಿಡಿದು ನಡುವಿನ ಸಾಲುಗಳ ಮೇಲೆ ಸುರಿಯುತ್ತಿತ್ತು. ಅಲ್ಲಿ ಕೂತವರಿಗೆ ಪ್ರತಿ ಮಾತೂ ತುಸು ತಡವಾಗಿ ಇನ್ನೊಂದು ಸಲ ಕೇಳಿಸುತ್ತಿತ್ತು. ನಾನು ಮೊದಲು ಕಂಪ್ಯೂಟರಿನಲ್ಲೇ ಮಾಡಿನ ಕೆಳಗಿನ ಹಲಗೆ ಬದಲಿಸಿ ನೋಡಿದೆ. ವೇದಿಕೆಯ ಪರದೆ ದಪ್ಪ ಮಾಡಿದೆ, ನೆಲಕ್ಕೆ ಜಮಖಾನೆ ಹಾಸಿದೆ. ಅವರ್ಸಾಕ್ಕೆ ಹೋಗಿ ವೇದಿಕೆಯಲ್ಲಿ ಚಪ್ಪಾಳೆ ತಟ್ಟಿಸಿ ನಡುವಿನ ಸಾಲಿನ ಜಾಗದಲ್ಲಿ ನಿಂತೂ ಕೇಳಿದೆ. ಲೆಕ್ಕ ತಪ್ಪಿರಲಿ ಎಂದು ಅಷ್ಟು ಆಸೆಪಟ್ಟದ್ದು ನನ್ನ ಕೆಲಸದಲ್ಲಿ ಅದೇ ಮೊದಲು. ತಪ್ಪಿರಲಿಲ್ಲ. ಉಳಿದದ್ದು ಒಂದೇ ದಾರಿ: ಗೋಡೆಯ ಮುಂದೆ ಸದ್ದು ನುಂಗುವ ಹತ್ತಿಯಂಥ ಉಣ್ಣೆ ತುಂಬಿ, ಮೇಲೆ ಮರದ ಪಟ್ಟಿ ಹೊಡೆದು ಅದನ್ನು ಪೂರ್ತಿ ಮುಚ್ಚುವುದು.

ಕಿನ್ನರಕ್ಕೆ ಹೋದೆ. ಆಯಿ ಅಂಗಳದಲ್ಲಿ ಭತ್ತ ಹರಡುತ್ತಿದ್ದರು. ವಿಷಯ ಹೇಳಿದೆ. ಅವರು ಕೆಲಸ ನಿಲ್ಲಿಸಲಿಲ್ಲ. "ನಿಂಗೆ ಆ ಮಿಷಿನ್ ಹೇಳ್ದದ್ದು ದೊಡ್ಡದಾ, ನನ್ನ ಮಗ್ಳು ಹೇಳ್ದದ್ದು ದೊಡ್ಡದಾ?" ಎಂದು ಕೇಳಿದರು. ನಾನೂ ಬಗ್ಗಿ ಭತ್ತದ ಒಂದು ಬದಿ ಹರಡತೊಡಗಿದೆ. ಅವರೇ ಮುಂದುವರಿಸಿದರು: "ಅವ್ಳು ಕೈಯಿಟ್ಟ ಜಾಗ ಅದೊಂದು ಇತ್ತು. ಬಸ್ಸಲ್ಲಿ ಹೋದ್ರೆ ಮುಟ್ಟಿ ಬರೂಕಾಗ್ತಿತ್ತು. ನೀ ಮಾಡೂದು ಮಾಡು. ನನ್ನ ಹತ್ರ ಕೇಳೂಕೆ ಬರ್ಬೇಡಾ." ಹೊರಡುವಾಗ ಯಾವತ್ತಿನಂತೆ ತೆಂಗಿನಕಾಯಿ ಕಟ್ಟಿ ಕೊಡಲಿಲ್ಲ.

ನಾನು ಮುಚ್ಚಿಸಿದೆ, ನಂದಿನಿ. ನಿನಗೆ ಹೂಂ ಅಂದ ಬಾಯಲ್ಲೇ ಬಡಗಿಗಳಿಗೆ ಶುರುಮಾಡಿ ಅಂದೆ. ಊರಿನವರು ವರ್ಷಗಟ್ಟಲೆ ದುಡ್ಡು ಕೂಡಿಸಿ ಕಟ್ಟಿದ ಮಂದಿರದಲ್ಲಿ ಮಾತು ತಿಳಿಯದಿದ್ದರೆ ಜನ ನಿನ್ನ ಹೆಸರು ಹೇಳಿಯೇ ಬೈಯುತ್ತಿದ್ದರು. ಅದನ್ನು ನನ್ನಿಂದ ತಡೆದುಕೊಳ್ಳಲು ಆಗುತ್ತಿರಲಿಲ್ಲ.

ಮಂದಿರ ತೆರೆದ ಮೊದಲ ದಿನ ಶಾಲೆಯ ಹುಡುಗಿಯರು ನಾಟಕ ಆಡಿದರು. ಮೈಕು ಇರಲಿಲ್ಲ. ಪಿಸುಮಾತಿನ ದೃಶ್ಯವೊಂದಿತ್ತು, ಅದಕ್ಕೆ ಕೊನೆಯ ಸಾಲಿನಲ್ಲಿ ಮೀನು ಮಾರಿ ಬಂದು ಕೂತಿದ್ದ ಹೆಂಗಸರು ಮುಂದಿನ ಸಾಲಿನವರ ಜೊತೆಗೇ ನಕ್ಕರು. ಮಾಸ್ತರರು ನಿನ್ನ ಹೆಸರು ಹೇಳಿದಾಗ ಎಲ್ಲರೂ ಎದ್ದು ನಿಂತರು. ಆಯಿ ಬಂದಿರಲಿಲ್ಲ.

ಅವರು ಬಂದದ್ದು ಮೊನ್ನೆ. "ಅವರ್ಸಾಕ್ಕೆ ಬರ್ತೆ, ಬೀಗ ತೆಗ್ದಿಡು" ಎಂದು ಫೋನ್ ಮಾಡಿದರು. ಮಧ್ಯಾಹ್ನ, ಮಂದಿರದಲ್ಲಿ ನಾವಿಬ್ಬರೇ. ಮರದ ಪಟ್ಟಿಗಳ ಮೇಲೆ ಕೈಯಾಡಿಸುತ್ತ ಗೋಡೆಯುದ್ದಕ್ಕೂ ನಡೆದರು. "ಅವ್ಳ ಗೋಡೆ ಇದ್ರ ಹಿಂದೆ ಇದ್ಯಾ?" ಅಂದರು. "ಹಾಗೇ ಇದೆ ಆಯೀ, ಒಂದು ಗೀರೂ ಬಿದ್ದಿಲ್ಲ" ಅಂದೆ. ಆಮೇಲೆ ವೇದಿಕೆ ಹತ್ತಿದರು. ಸೆರಗು ಸರಿಮಾಡಿಕೊಂಡು, ಸಂಜೆ ಗದ್ದೆಯಲ್ಲಿದ್ದ ನಿನ್ನನ್ನು ಊಟಕ್ಕೆ ಕರೆಯುತ್ತಿದ್ದ ದನಿಯಲ್ಲಿ, "ನಂದಿನೀ" ಎಂದು ಕೂಗಿದರು.

ಆ ಕೂಗು ಕೊನೆಯ ಸಾಲಿನವರೆಗೆ ಸ್ಪಷ್ಟವಾಗಿ ಹೋಯಿತು. ಅಲ್ಲಿಗೆ ನಿಂತಿತು. ಆಯಿ ಕತ್ತು ಸ್ವಲ್ಪ ವಾಲಿಸಿ ಕಾಯುತ್ತಿದ್ದರು. ಏನೂ ಮರಳಿ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಬರಬಾರದೆಂದೇ ಅಷ್ಟು ದಿನ ಕೂತು ಕೆಲಸ ಮಾಡಿದವಳು ನಾನು. ಆದರೂ ಅವರ ಜೊತೆ ನಾನೂ ಕಾದೆ.

ಆಯಿ ಇಳಿದು ಬಂದು "ಬೀಗ ಹಾಕು" ಅಂದರು. ಬಸ್ಸು ಬರುವವರೆಗೂ ರಸ್ತೆ ಬದಿಯಲ್ಲಿ ನನ್ನ ಕೈ ಹಿಡಿದುಕೊಂಡೇ ನಿಂತಿದ್ದರು.

ಇದ್ದಲ್ಲಿ ನಿನಗೆ ನೋವಿಲ್ಲದಿರಲಿ, ಕಂಡದ್ದು ಒಂದೊಂದಾಗಿ ನಿಚ್ಚಳವಾಗಿ ಕಾಣಲಿ. ಆಯಿಯನ್ನು ನಾನು ನೋಡಿಕೊಳ್ಳುತ್ತೇನೆ.

ನಿನ್ನವಳೇ ಆದ,
ನೀಲಾ