ಕೊಳವೆಗೆ ಮೂರು ಏಟು

ನಮ್ಮ ಕುಲುಮೆಯ ಸಾಹೇಬರಿಗೆ, ಗಡಿ ಪಂಪಿನವನ ನಮಸ್ಕಾರ.

ಆಚೆ ದೇಶದ ಗಣಿಯ ನೀರೆತ್ತುವ ಪಂಪನ್ನು ಮಧ್ಯಾಹ್ನವೇ ನಿಲ್ಲಿಸಲು ಹೇಳಿಕಳಿಸಿದ್ದೀರಿ. ಅವರ ಕಲ್ಲಿದ್ದಲು ನಮ್ಮ ಕುಲುಮೆಗೆ, ಗಡಿಯ ಈಚೆಯ ನಮ್ಮ ಪಂಪು ಅವರ ಗಣಿಗೆ ಎಂದು ಮೂವತ್ತು ವರ್ಷ ನಡೆದಿದೆ. ಎರಡೂ ದೇಶದ ದೊಡ್ಡವರು ಮುನಿಸಿಕೊಂಡದ್ದು ನೀರಿಗೇನು ಗೊತ್ತು?

ದಿನಾ ಗಣಿಗಿಳಿಯುವ ಮುಂಚೆ ಆಚೆಯ ಕೆಲಸಗಾರನೊಬ್ಬ ಅಲ್ಲಿಂದ ನನ್ನ ಪಂಪಿಗೆ ಬರುವ ಕೊಳವೆಗೆ ಮೂರು ಏಟು ಹಾಕುತ್ತಾನೆ. ‘ಭಾವಾ, ಇದ್ದೀಯಾ?’ ಎಂದರ್ಥ. ನಾನೂ ಮೂರು ಹಾಕಿದರೆ, ‘ಇದ್ದೀನಿ, ಇಳಿಯೋ ಮಾರಾಯ’ ಎಂದು. ಅವನ ಮುಖ ನೋಡಿದವನಲ್ಲ. ಇವತ್ತೂ ಅವನು ಬಡಿದ, ನಾನೂ ಬಡಿದೆ. ಆಮೇಲೆ ನಿಮ್ಮ ಆಜ್ಞೆ ಬಂತು.

ಅರವತ್ತು ಜನ ಒಳಗಿದ್ದಾರೆ. ಗಡಿಯ ಫೋನು ಕಡಿದುಹೋಗಿದೆ. ‘ಮೇಲೆ ಬಾ’ ಎನ್ನಲು ಎಷ್ಟು ಏಟೆಂದು ನಾವು ಗೊತ್ತುಮಾಡಿಕೊಂಡೇ ಇಲ್ಲ, ಬೇಕಾಗಿರಲಿಲ್ಲ.

ಸಂಜೆ ಅವರು ಮೇಲೆ ಬರುವವರೆಗೆ ಪಂಪು ಓಡುತ್ತದೆ. ಪಂಪುಮನೆಗೆ ಒಳಗಿನಿಂದ ಬೀಗ ಹಾಕಿದ್ದೇನೆ. ದಯವಿಟ್ಟು ನನ್ನ ಬುತ್ತಿಯನ್ನು ಕಿಟಕಿಯಲ್ಲಿ ಕೊಡಿಸಿ.

ಇಂತಿ,
ನಿಮ್ಮ ಪಂಪಿನವ